ಅಳಬೇಡಿ, ಫಾರ್ವರ್ಡ್ ಮಾಡಿದ್ದೇವೆ

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅದಕ್ಕೇ ಅಕ್ಕಪಕ್ಕದವರು ಅನ್ನ, ಸಾರು ತರುತ್ತಿದ್ದರು. ಬೀಗರು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಮಾತು ಕಡಿಮೆ, ಪಾತ್ರೆ ಜಾಸ್ತಿ.

ಈಗ ಪಿಡಿಎಫ್ ಬರುತ್ತದೆ.

ಹೆಣ ಇನ್ನೂ ಅಂಗಳದಲ್ಲಿರುತ್ತದೆ. ಮೊಬೈಲು ಟಣ್ ಎನ್ನುತ್ತದೆ. 'ದುಃಖ ಗೆಲ್ಲುವ ಹತ್ತು ಸೂತ್ರಗಳು.' ಕೆಳಗೆ ಕೈಮುಗಿದ ಎರಡು ಬೊಂಬೆ. 'ಬಿಡುವಾದಾಗ ಓದಿ, ಮನಸ್ಸು ಹಗುರ ಆಗತ್ತೆ.'

ಬಿಡುವಾದಾಗ! ಗಂಡನನ್ನು ಕಳೆದುಕೊಂಡವಳಿಗೆ ಇನ್ನು ಮುಂದೆ ಬಿಡುವೋ ಬಿಡುವು ಎಂಬ ಲೆಕ್ಕವಿರಬೇಕು.

ಕಳಿಸಿದವರು ಓದಿದ್ದಾರೆಯೇ? ಇಲ್ಲ. ಅವರಿಗೂ ಅದು ಇನ್ನಾರದೋ ಸಾವಿನಲ್ಲಿ ಬಂದದ್ದು. ಆಗ ಓದಲಿಲ್ಲ. ಈಗ ದಾಟಿಸಿದರು. ಯಾರೂ ಓದದ ಪುಸ್ತಕವೊಂದು ಮನೆಯಿಂದ ಮನೆಗೆ ಸಾಂತ್ವನ ಹಂಚುತ್ತ ತಿರುಗುತ್ತಿದೆ. ಅದೇ ಗುಂಪಿನಲ್ಲಿ 'ಓಂ ಶಾಂತಿ' ಸಾಲುಗಳ ನಡುವೆಯೇ ಯಾರದೋ ಹುಟ್ಟುಹಬ್ಬದ ಕೇಕು. ಎರಡಕ್ಕೂ ಕೈಮುಗಿದ ಬೊಂಬೆ ಅದೇ.

ಪಿಡಿಎಫ್ ಕಳಿಸಲು ಬಾರದವರು ಖುದ್ದಾಗಿ ಬಂದು ಬಾಯಲ್ಲೇ ಓದಿ ಹೇಳುತ್ತಾರೆ. ಸತ್ತವರಿಗೆ ಎಂಬತ್ತಾಗಿದ್ದರೆ, 'ಎಲ್ಲಾ ಅನುಭವಿಸಿ ಹೋದ್ರು ಬಿಡಿ.' ನಲವತ್ತಾಗಿದ್ದರೆ, 'ಒಳ್ಳೆಯವರನ್ನ ದೇವರು ಬೇಗ ಕರ್ಕೋತಾನೆ.' ಹೇಳುವವರಿಗೆ ಎಪ್ಪತ್ತೆಂಟು. ತಮ್ಮ ಬಗ್ಗೆ ತಾವೇ ಏನು ಹೇಳಿಕೊಂಡೆವೆಂದು ಅವರಿಗೆ ಹೊಳೆದಿಲ್ಲ.

ಥಟ್ಟನೆ ಹೋದರೆ, 'ಪುಣ್ಯವಂತರು, ನರಳಲಿಲ್ಲ.' ನರಳಿ ಹೋದರೆ, 'ಬಿಡುಗಡೆ ಆಯ್ತು.' ಮಗು ಹೋದರೆ, 'ನಿಮಗಿನ್ನೂ ವಯಸ್ಸಿದೆ, ಇನ್ನೊಂದು ಆಗತ್ತೆ.'

ಯಾವ ಸಾವಿಗೂ ಅಳುವ ಹಾಗಿಲ್ಲ. ಪ್ರತಿಯೊಂದರಲ್ಲೂ ಒಂದು ಲಾಭ ಹುಡುಕಿಟ್ಟಿದ್ದಾರೆ.

*

ಸುಲಭಕ್ಕೆ ಕೈಗೆ ಸಿಗುವುದು ಗೀತೆ. ಅದರಲ್ಲೂ ಎರಡನೇ ಅಧ್ಯಾಯ. ಹಳೆ ಬಟ್ಟೆ, ಹೊಸ ಬಟ್ಟೆ. ಆತ್ಮವನ್ನು ಬೆಂಕಿ ಸುಡದು, ನೀರು ನೆನೆಸದು. ಇಷ್ಟು ಹೇಳಿ ಕಾಫಿ ಲೋಟ ಕೆಳಗಿಟ್ಟರೆ ಸಾಂತ್ವನ ಮುಗಿಯಿತು.

ಗೀತೆಯದು ತಪ್ಪಿಲ್ಲ. ಅದನ್ನು ಹೇಳಿದ್ದು ಯುದ್ಧ ಶುರುವಾಗುವ ಮೊದಲು. ಕುರುಕ್ಷೇತ್ರದಲ್ಲಿ ಆಗಿನ್ನೂ ಒಂದು ಹೆಣ ಬಿದ್ದಿರಲಿಲ್ಲ. ಕೇಳುತ್ತಿದ್ದವನು ಸತ್ತವರಿಗಾಗಿ ಅಳುತ್ತಿರಲಿಲ್ಲ, ಕೊಲ್ಲಲು ಹಿಂಜರಿಯುತ್ತಿದ್ದ.

ಹದಿಮೂರನೇ ದಿನ ಅಭಿಮನ್ಯು ಸತ್ತ. ಸಂಜೆ ಬಿಡಾರಕ್ಕೆ ಮರಳಿದ ಅರ್ಜುನ 'ಆತ್ಮಕ್ಕೆ ಸಾವಿಲ್ಲ' ಎಂದು ಕೈಕಾಲು ತೊಳೆದು ಊಟಕ್ಕೆ ಕೂತನೇ? ಗೋಳಾಡಿದ. ಎದುರಿಗಿದ್ದವರನ್ನೆಲ್ಲ ಬೈದ. ನಾಳೆ ಸೂರ್ಯ ಮುಳುಗುವುದರೊಳಗೆ ಜಯದ್ರಥನನ್ನು ಕೊಲ್ಲದಿದ್ದರೆ ಬೆಂಕಿಗೆ ಬೀಳುತ್ತೇನೆ ಎಂದು ಶಪಥ ಮಾಡಿದ.

ಗೀತೆಯನ್ನು ಕೃಷ್ಣನ ಬಾಯಿಂದಲೇ ಕೇಳಿದವನ ಕತೆ ಇದು. ಅದೂ ವಿಶ್ವರೂಪ ಸಮೇತ. ಪಕ್ಕದ ಬೀದಿಯ ಹೆಣ್ಣುಮಗಳು ಮಾತ್ರ ಅದನ್ನು ಮೊಬೈಲಿನಲ್ಲಿ ಓದಿ ಮೂರೇ ದಿನಕ್ಕೆ ಸ್ಥಿತಪ್ರಜ್ಞೆಯಾಗಬೇಕು.

ಇನ್ನೂ ಇದೆ. ಯುದ್ಧವೆಲ್ಲ ಮುಗಿದ ಮೇಲೆ ಅರ್ಜುನ ಕೃಷ್ಣನ ಹತ್ತಿರ ಬಂದು, 'ನೀನು ಅಂದು ಹೇಳಿದ್ದೆಲ್ಲ ಮರೆತುಹೋಗಿದೆ, ಇನ್ನೊಮ್ಮೆ ಹೇಳು' ಎನ್ನುತ್ತಾನೆ. ಕೃಷ್ಣ ಬೇಸರಪಟ್ಟುಕೊಳ್ಳುತ್ತಾನೆ. ಅದನ್ನೇ ಪೂರ್ತಿಯಾಗಿ ಮತ್ತೆ ಹೇಳಲು ನನ್ನಿಂದಲೂ ಆಗದು ಎನ್ನುತ್ತಾನೆ. ಆಶ್ವಮೇಧಿಕ ಪರ್ವದ ಅನುಗೀತೆ ಶುರುವಾಗುವುದೇ ಹೀಗೆ. ಕೇಳಿದವನಿಗೆ ನೆನಪಿಲ್ಲ. ಹೇಳಿದವನಿಗೆ ಮರಳಿ ಹೇಳಲಾಗದು. ನಮ್ಮ ದೊಡ್ಡಪ್ಪಂದಿರಿಗೆ ಮಾತ್ರ ಬಾಯಿಪಾಠ.

ಧರ್ಮರಾಯನ ಪಾಡು ನೋಡಿ. ಗೆದ್ದ, ಆದರೆ ದುಃಖ ಇಳಿಯಲಿಲ್ಲ. ತಮ್ಮಂದಿರು ಸಮಾಧಾನ ಹೇಳಿದರು. ದ್ರೌಪದಿ ಹೇಳಿದಳು. ವ್ಯಾಸರು ಹೇಳಿದರು. ಶರಶಯ್ಯೆಯಲ್ಲಿ ಮಲಗಿದ್ದ ಭೀಷ್ಮ ಶಾಂತಿಪರ್ವದುದ್ದಕ್ಕೂ ಹೇಳಿದ. ಮಹಾಭಾರತದ ಹದಿನೆಂಟು ಪರ್ವಗಳಲ್ಲಿ ಅದೇ ಅತಿ ಉದ್ದದ್ದು. ಅದೂ ಸಾಲದೆ ಅನುಶಾಸನ ಪರ್ವ. ಇಷ್ಟೆಲ್ಲ ಕೇಳಿದ ಧರ್ಮರಾಯ ಭೀಷ್ಮ ಸತ್ತ ಕೂಡಲೇ ಗಂಗೆಯ ದಡದಲ್ಲಿ ಮತ್ತೆ ಕುಸಿದುಬಿದ್ದ.

ಎರಡು ಪರ್ವಗಳಿಂದ ಆಗದ ಕೆಲಸ ಹತ್ತು ಸೂತ್ರಗಳಿಂದ ಆಗಬೇಕಂತೆ.

ಇದನ್ನೆಲ್ಲ ಬರೆದ ವ್ಯಾಸರಾದರೂ ಗಟ್ಟಿಯಾಗಿದ್ದರೇ? ಮಗ ಶುಕ ಲೋಕ ಬಿಟ್ಟು ನಡೆದಾಗ 'ಮಗನೇ' ಎಂದು ಕೂಗುತ್ತ ಅವನ ಹಿಂದೆ ಹೋದರು. ಉತ್ತರ ಕೊಟ್ಟದ್ದು ಕಾಡು, ಬೆಟ್ಟ. ಮಗ ಸತ್ತಿರಲಿಲ್ಲ, ಮುಕ್ತನಾಗಿದ್ದ. ಅದಕ್ಕಿಂತ ಒಳ್ಳೆಯ ಸುದ್ದಿ ಒಬ್ಬ ಋಷಿಗೆ ಇನ್ನೇನು ಬೇಕು? ಆದರೂ ಅತ್ತರು. ಅತ್ತದ್ದನ್ನು ಮುಚ್ಚಿಡದೆ ತಮ್ಮ ಪುಸ್ತಕದಲ್ಲೇ ಬರೆದಿಟ್ಟರು.

ಆ ಪುಟಗಳನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

*

ಈಗ ಆತ್ಮವಾದಿಗಳ ನಡವಳಿಕೆ ನೋಡೋಣ.

ಬೆಳಿಗ್ಗೆ, 'ದೇಹ ನಶ್ವರ ತಾಯಿ, ಆತ್ಮಕ್ಕೆ ಸಾವಿಲ್ಲ. ಅವರು ಇಲ್ಲೇ ಇದ್ದಾರೆ ಅಂದ್ಕೊಳ್ಳಿ.' ಹತ್ತನೇ ದಿನ ಅವರೇ ನಿಂತು ಬಳೆ ಒಡೆಸುತ್ತಾರೆ, ಕುಂಕುಮ ಅಳಿಸುತ್ತಾರೆ. ಆತ್ಮಕ್ಕೆ ಸಾವಿಲ್ಲ, ಬಳೆಗೆ ಇದೆ. ಗಂಡ ಇಲ್ಲೇ ಇದ್ದಾನೆ ಎಂದಾದರೆ ಕುಂಕುಮ ಯಾಕೆ ಹೋಯಿತು? ಕೇಳಿ ನೋಡಿ. 'ಅದು ಶಾಸ್ತ್ರ' ಎನ್ನುತ್ತಾರೆ. ಮೊದಲು ಹೇಳಿದ್ದು ಏನಾಗಿತ್ತು ಹಾಗಾದರೆ?

ಆಮೇಲೆ ಆಕೆಯನ್ನು ಮದುವೆಮನೆಗೆ ಕರೆಯುವುದಿಲ್ಲ. ಕರೆದರೂ ಹಿಂದಿನ ಸಾಲು. 'ಮನಸ್ಸಿಗೆ ಬೇಜಾರಾಗಬಾರದು ಅಂತ' ಎಂದು ಕಾರಣ ಬೇರೆ. ಅವಳ ಮನಸ್ಸನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಅವಳಿಗೆ ಪುಸ್ತಕ ಕಳಿಸಿದವರೇ.

ಹೆಂಡತಿ ಸತ್ತ ಗಂಡಸಿನ ಪಠ್ಯ ಬೇರೆ. ಅವನು ಅಳಬಾರದು. 'ಗಂಡಸು ನೀನು, ನೀನೇ ಹೀಗೆ ಮಾಡಿದ್ರೆ ಮಕ್ಕಳ ಗತಿ?' ಅವನು ಶಾಮಿಯಾನದವನಿಗೆ ಫೋನು ಮಾಡಬೇಕು, ಅಡುಗೆಯವರಿಗೆ ಮುಂಗಡ ಕೊಡಬೇಕು, ಬಂದವರನ್ನು ಮಾತಾಡಿಸಬೇಕು. ಹದಿಮೂರು ದಿನ ಕಳೆಯುವಷ್ಟರಲ್ಲಿ ಯಾರೋ ಜಾತಕ ಹಿಡಿದು ಬರುತ್ತಾರೆ. ಆತ್ಮಕ್ಕೆ ಗಂಡು, ಹೆಣ್ಣೆಂಬ ಭೇದವಿಲ್ಲ ಎಂದು ಹೇಳಿದ ಬಾಯಿಯೇ ಇದು.

ಈ ದಿನಗಳಿಗೆಂದೇ ಗರುಡ ಪುರಾಣ. ಬೇರೆ ದಿನ ಅದನ್ನು ಮನೆಯಲ್ಲಿಡಲೂ ಹೆದರುವವರು ಸೂತಕದ ಮನೆಯಲ್ಲಿ ಜೋರಾಗಿ ಓದಿಸುತ್ತಾರೆ. ಪ್ರೇತಕಲ್ಪದಲ್ಲಿ ವೈತರಣಿ, ರೌರವ, ಮಹಾರೌರವ, ಕುಂಭೀಪಾಕ. ಯಾವ ಪಾಪಕ್ಕೆ ಯಾವ ಎಣ್ಣೆ, ಯಾವ ಬಾಣಲೆ. ಅಪ್ಪನನ್ನು ನಿನ್ನೆಯಷ್ಟೇ ಸುಟ್ಟು ಬಂದ ಮಗ ಕೂತು ಕೇಳಬೇಕು. ನಡುವೆ ದಾನದ ಪಟ್ಟಿ: ಹಸು, ಹಾಸಿಗೆ, ಕೊಡೆ, ಪಾದರಕ್ಷೆ. ಹೆದರಿಸಿ ಕೊಡಿಸುವುದಕ್ಕೆ ಸಾಂತ್ವನ ಎಂಬ ಹೆಸರು ನಮ್ಮಲ್ಲಿ ಬಹಳ ಹಿಂದಿನಿಂದ ಇದೆ. 'ಹತ್ತು ಸೂತ್ರ' ಮಾರುವವರು ಹೊಸದೇನೂ ಕಂಡುಹಿಡಿದಿಲ್ಲ.

*

ಇನ್ನು ಬುದ್ಧನ ಸಾಸಿವೆ. ಕಿಸಾಗೋತಮಿಯ ಮಗು ಸತ್ತಿತು. ಬದುಕಿಸಿಕೊಡು ಎಂದು ಬುದ್ಧನ ಹತ್ತಿರ ಬಂದಳು. ಸಾವಿಲ್ಲದ ಮನೆಯಿಂದ ಸಾಸಿವೆ ತಾ ಎಂದ. ಸಿಗಲಿಲ್ಲ. ಅವಳಿಗೆ ಅರಿವಾಯಿತು. ಈ ಕತೆ ಬಾರದ ಶೋಕಸಭೆ ಕರ್ನಾಟಕದಲ್ಲಿ ನಡೆದಿಲ್ಲ.

ಹೇಳುವವರು ಎತ್ತಿ ಹಿಡಿಯುವ ನೀತಿ ಒಂದೇ: ಎಲ್ಲರೂ ಸಾಯುತ್ತಾರೆ, ನಿನ್ನದೇನು ವಿಶೇಷ?

ಬುದ್ಧ ಹಾಗೆ ಹೇಳಲಿಲ್ಲ. ಹೇಳಬಹುದಿತ್ತು, ಅವನಿಗೆ ಮಾತು ಬರುತ್ತಿರಲಿಲ್ಲವೇ? ಬದಲಿಗೆ ಅವಳನ್ನು ಊರೊಳಗೆ ಕಳಿಸಿದ. ಅವಳು ಮನೆ ಮನೆಯ ಬಾಗಿಲು ಬಡಿದಳು. ಬಾಗಿಲು ತೆರೆದವರು ತಮ್ಮ ಅಪ್ಪನ ಹೆಸರು ಹೇಳಿದರು, ಮಗಳ ಹೆಸರು ಹೇಳಿದರು. ಹೆಣ ಹೊತ್ತು ಬಂದ ಹುಚ್ಚಿಯನ್ನು ಯಾರೂ ಗದರಿ ಓಡಿಸಲಿಲ್ಲ. ಅವಳಿಗೆ ಮದ್ದಾದದ್ದು ಆ ಊರು.

ಇಂದು ಕಿಸಾಗೋತಮಿ ಅಪಾರ್ಟ್‌ಮೆಂಟಿಗೆ ಬಂದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ. ಯಾವ ಫ್ಲ್ಯಾಟು, ಯಾರನ್ನು ನೋಡಬೇಕು, ಆ್ಯಪಿನಲ್ಲಿ ಅನುಮತಿ ಬಂದಿಲ್ಲ. ಸಂಘದ ಗುಂಪಿನಲ್ಲಿ ಯಾರೋ ಅವಳಿಗೆ ಅವಳದೇ ಕತೆಯನ್ನು ಕಳಿಸುತ್ತಾರೆ. ಹಿನ್ನೆಲೆಯಲ್ಲಿ ಕೊಳಲು.

*

ಇಂಗ್ಲಿಷ್ ಬಲ್ಲವರಿಗೆ ಈ ಹಳೆಯ ಸರಕು ಹಿಡಿಸುವುದಿಲ್ಲ. ಅವರದು ಐದು ಹಂತಗಳು. ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ. ಎಲಿಸಬೆತ್ ಕೂಬ್ಲರ್-ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಬರೆದದ್ದು. ಕಂಪನಿಯ ಎಚ್‌ಆರ್‌ನಿಂದ ಹಿಡಿದು ಯೋಗದ ಮೇಷ್ಟ್ರವರೆಗೆ ಎಲ್ಲರಿಗೂ ಇದು ಗೊತ್ತು. 'ಅವನಿನ್ನೂ ಕೋಪದ ಹಂತದಲ್ಲಿದ್ದಾನೆ' ಎನ್ನುತ್ತಾರೆ. ಮೆಜೆಸ್ಟಿಕ್ ಬಂತು, ಇನ್ನೆರಡು ಸ್ಟೇಷನ್ ಎಂದ ಹಾಗೆ.

ಆ ಪುಸ್ತಕ ಸಾಯುತ್ತಿರುವ ರೋಗಿಗಳ ಬಗ್ಗೆ. ಆಸ್ಪತ್ರೆಯಲ್ಲಿ ಅವರ ಜೊತೆ ಕೂತು, ಅವರ ಮಾತು ಕೇಳಿ ಬರೆದದ್ದು. ಅವರ ಹಿಂದೆ ಉಳಿದು ಅಳುವವರ ವೇಳಾಪಟ್ಟಿಯಾಗಿ ಬರೆದದ್ದಲ್ಲ. ಆಕೆ 2004ರಲ್ಲಿ ತೀರಿಕೊಂಡರು. ಡೇವಿಡ್ ಕೆಸ್ಲರ್ ಜೊತೆ ಬರೆದ ಕೊನೆಯ ಪುಸ್ತಕ ಮರುವರ್ಷ ಬಂತು. ಜನ ಈ ಹಂತಗಳನ್ನು ತಪ್ಪಾಗಿ ತಿಳಿದಿದ್ದಾರೆ ಎಂಬ ಮಾತು ಅದರಲ್ಲೇ ಇದೆ. ಯಾರು ಓದಬೇಕು? ಪೋಸ್ಟರು ಆಗಲೇ ಅಚ್ಚಾಗಿತ್ತು. 2019ರಲ್ಲಿ ಕೆಸ್ಲರ್ ಆರನೇ ಹಂತದ ಪುಸ್ತಕ ತಂದರು. ಏಳನೆಯದಕ್ಕೆ ಕಾಯಿರಿ. ಅಲ್ಲಿಯವರೆಗೆ ಕಣ್ಣೀರು ತಡೆಹಿಡಿಯಿರಿ.

ಪಂಡಿತರ ಮನೆಗೂ ಸಾವು ಹೋಗುತ್ತದೆ. ಆಗ ನೋಡಬೇಕು.

ಸಿಗ್ಮಂಡ್ ಫ್ರಾಯ್ಡ್ 1917ರ ಪ್ರಬಂಧದಲ್ಲಿ ಶೋಕದ ಕೆಲಸ ಏನೆಂದು ವಿವರಿಸಿದ. ಸತ್ತವರಿಗೆ ಅಂಟಿದ ಮನಸ್ಸನ್ನು ಒಂದೊಂದೇ ಎಳೆಯಾಗಿ ಬಿಡಿಸಿಕೊಳ್ಳುವುದು. ಕೆಲಸ ಮುಗಿದರೆ ಮನಸ್ಸು ಬಿಡುಗಡೆ. 1920ರ ಜನವರಿಯಲ್ಲಿ ಅವನ ಮಗಳು ಸೋಫಿ ಸತ್ತಳು. ಒಂಬತ್ತು ವರ್ಷ ದಾಟಿದ ಮೇಲೆ, ಅವಳು ಬದುಕಿದ್ದರೆ ಮೂವತ್ತಾರು ತುಂಬುತ್ತಿದ್ದ ದಿನದ ಸುಮಾರಿಗೆ, ಮಗನನ್ನು ಕಳೆದುಕೊಂಡ ಗೆಳೆಯ ಬಿನ್ಸ್‌ವಾಂಗರ್‌ಗೆ ಕಾಗದ ಬರೆದ. ಆ ಜಾಗಕ್ಕೆ ಬದಲಿ ಯಾವುದೂ ಸಿಗುವುದಿಲ್ಲ, ಹಾಗಿರುವುದೇ ಸರಿ ಎಂಬುದು ಅದರ ತಿರುಳು. ಸಿದ್ಧಾಂತ ಎಲ್ಲರ ಮನೆಗೆ. ಕಾಗದ ಅವನ ಮನೆಯಿಂದ.

ಸಿ.ಎಸ್. ಲೂಯಿಸ್ 1940ರಲ್ಲಿ ನೋವಿನ ಸಮಸ್ಯೆಯ ಬಗ್ಗೆ ಒಂದು ಪುಸ್ತಕ ಬರೆದ. ದೇವರು ಒಳ್ಳೆಯವನಾದರೆ ಲೋಕದಲ್ಲಿ ನೋವೇಕೆ ಎಂಬುದಕ್ಕೆ ದೇವರ ಪರ ವಕಾಲತ್ತು. 1960ರಲ್ಲಿ ಹೆಂಡತಿ ಜಾಯ್ ಸತ್ತಳು. ಮರುವರ್ಷ ಇನ್ನೊಂದು ಪುಸ್ತಕ. ಈ ಸಲ ವಕೀಲನೇ ಕಕ್ಷಿದಾರನ ಮೇಲೆ ಹರಿಹಾಯ್ದಿದ್ದ. ಸ್ವಂತ ಹೆಸರನ್ನೂ ಹಾಕಲಿಲ್ಲ, ಎನ್.ಡಬ್ಲ್ಯು. ಕ್ಲರ್ಕ್ ಎಂಬ ಸುಳ್ಳು ಹೆಸರಿನಲ್ಲಿ ಅಚ್ಚು ಹಾಕಿಸಿದ. ಕೊನೆಗೆ ನಂಬಿಕೆಗೆ ಮರಳಿದ, ನಿಜ. ಆದರೆ ನಡುವಿನ ಪುಟಗಳನ್ನು ಹರಿದೆಸೆಯಲಿಲ್ಲ.

ಈಗ ಲೆಕ್ಕ ಹಾಕಿ. ಸಾವು ಮನೆಗೆ ಬರುವ ಮೊದಲು ಬರೆದದ್ದು ಉಪದೇಶ. ಬಂದು ಹೋದ ಮೇಲೆ ಬರೆದದ್ದು ಓದಲು ಯೋಗ್ಯ. ನಮ್ಮವರು ಆರಿಸಿ ಆರಿಸಿ ಮೊದಲನೆಯದನ್ನೇ ಕೊಡುತ್ತಾರೆ.

*

ಎಷ್ಟು ದಿನ ಅಳಬಹುದು? ಇದಕ್ಕೂ ನಿಯಮವಿದೆ. ಒಂದೊಂದು ಕಚೇರಿಗೆ ಒಂದೊಂದು.

ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ದೀರ್ಘಶೋಕವೂ ಒಂದು ಕಾಯಿಲೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಅವರ ಗಡಿ ಆರು ತಿಂಗಳು. ಅದೇ ವರ್ಷ ಅಮೆರಿಕದ ಮನೋವೈದ್ಯರ ಸಂಘವೂ ತನ್ನ ಕೈಪಿಡಿಗೆ ಅದನ್ನು ಸೇರಿಸಿತು. ಅವರ ಗಡಿ ದೊಡ್ಡವರಿಗೆ ಹನ್ನೆರಡು ತಿಂಗಳು. ಸಾವು ಆದ ಮನೆಯಲ್ಲಿ ಒಂದು ವರ್ಷ ಹಬ್ಬವಿಲ್ಲ ಎಂದು ನಮ್ಮ ಹಳ್ಳಿಯ ಮುದುಕಿಯರು ಯಾವ ಕೈಪಿಡಿಯನ್ನೂ ನೋಡದೆ ಹೇಳಿದ್ದರು. ಅದನ್ನು ಮೂಢನಂಬಿಕೆ ಎಂದು ಬಿಟ್ಟೆವು. ಅಮೆರಿಕದವರು ಹೇಳಿದ ಮೇಲೆ ವಿಜ್ಞಾನ.

ವೈದ್ಯರ ಮೇಲೆ ಸಿಟ್ಟಿಲ್ಲ. ವರ್ಷ ಕಳೆದರೂ ಏಳಲಾರದೆ, ಉಣ್ಣಲಾರದೆ ಮುಳುಗಿದವರನ್ನು ಗುರುತಿಸಲು ಅವರಿಗೊಂದು ಅಳತೆ ಬೇಕು, ಇಟ್ಟುಕೊಂಡಿದ್ದಾರೆ. ಉಳಿದವರೆಲ್ಲ ಅಷ್ಟರೊಳಗೆ ಅಳು ನಿಲ್ಲಿಸಿ ಎಂದು ಅವರು ಹೇಳಿಲ್ಲ. ಹೇಳುವವರು ಬೇರೆ.

ಕಂಪನಿಯ ಲೆಕ್ಕ ಮೂರು ದಿನ. ಮೂರು ದಿನ ಕೊಡುವ ಕಂಪನಿಯೇ ಉದಾರಿ. ಸಾವಿಗೆಂದೇ ಪ್ರತ್ಯೇಕ ರಜೆ ಕೊಡಲೇಬೇಕೆಂಬ ಕೇಂದ್ರ ಕಾನೂನು ಇಲ್ಲ. ಇದ್ದ ರಜೆಯಲ್ಲೇ ಹೊಂದಿಸಿಕೊಳ್ಳಬೇಕು. ನಾಲ್ಕನೇ ದಿನ ಲ್ಯಾಪ್‌ಟಾಪು ತೆರೆದರೆ ಎಚ್‌ಆರ್‌ನಿಂದ ಇಮೇಲು: 'ನಿಮ್ಮ ಮಾನಸಿಕ ಆರೋಗ್ಯ ನಮಗೆ ಮುಖ್ಯ.' ಜೊತೆಗೊಂದು ಆನ್‌ಲೈನ್ ಶಿಬಿರದ ಲಿಂಕು. ಹಾಜರಾತಿ ಕಡ್ಡಾಯ. ಊಟದ ವಿರಾಮದಲ್ಲಿ.

*

ಕನ್ನಡದಲ್ಲಿ ಓದಲು ಏನೂ ಇಲ್ಲವೇ? ಇದೆ. ಅದರ ಮೇಲೆ ಕೂತು ಇಲ್ಲ ಎನ್ನುತ್ತಿದ್ದೇವೆ.

ಹತ್ತನೇ ಶತಮಾನದ ರನ್ನ ಗದಾಯುದ್ಧದಲ್ಲಿ ದುರ್ಯೋಧನನನ್ನು ಹೆಣಗಳ ನಡುವೆ ನಡೆಸುತ್ತಾನೆ. ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ. ಒಬ್ಬೊಬ್ಬರ ಮುಂದೆಯೂ ನಿಂತು ಅಳುತ್ತಾನೆ. ಇವನು ಕೆಟ್ಟವನು, ಅಳುವ ಹಕ್ಕಿಲ್ಲ ಎಂದು ರನ್ನ ಅವನನ್ನು ಓಡಿಸಲಿಲ್ಲ. ನಾವು ಅದನ್ನು ಪಿಯುಸಿ ಪಾಠ ಮಾಡಿದೆವು. 'ದುರ್ಯೋಧನನ ವಿಲಾಪವನ್ನು ವಿವರಿಸಿ.' ಅಂಕಕ್ಕೆ ತಕ್ಕಷ್ಟು ಶೋಕ.

ರಾಘವಾಂಕನ ಚಂದ್ರಮತಿ ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ಸುಡುಗಾಡಿಗೆ ಬರುತ್ತಾಳೆ. ಕಾವಲಿಗೆ ನಿಂತ ಗಂಡ ಅವಳನ್ನು ಗುರುತಿಸದೆ ಸುಡುವ ತೆರಿಗೆ ಕೇಳುತ್ತಾನೆ. ಆ ಪದ್ಯಗಳನ್ನು ಇವತ್ತು ಯಾರೂ ಓದುವುದಿಲ್ಲ. ತೆರಿಗೆ ಮಾತ್ರ ಉಳಿದಿದೆ.

ಬೇಂದ್ರೆ ಸರಣಿಯಾಗಿ ಮಕ್ಕಳನ್ನು ಕಳೆದುಕೊಂಡವರು. ಮಗು ಕೈಬಿಟ್ಟು ಹೋಗುವಾಗ ಹೆಂಡತಿ ತನ್ನತ್ತ ಬೀರಿದ ನೋಟ ತಾಳಲಾರದೆ ಒಂದು ಪದ್ಯ ಬರೆದರು. ಅದನ್ನು ಪ್ರೇಮಗೀತೆ ಎಂದುಕೊಂಡು ಕಣ್ಣು ಮಿಟುಕಿಸಿ ಹಾಡುವವರಿದ್ದಾರೆ. ಚಪ್ಪಾಳೆಯೂ ಬೀಳುತ್ತದೆ. ಡಿವಿಜಿ ಹೆಂಡತಿ ತೀರಿಕೊಂಡ ಮೇಲೆ ದಶಕಗಳ ಕಾಲ ಒಂಟಿಯಾಗಿ ಬಾಳಿದವರು. ಅವರ ಕಗ್ಗ ಬೆಳಗಿನ ಗುಲಾಬಿ ಹೂವಿನ ಮೇಲೆ 'ಶುಭೋದಯ'ದ ಜೊತೆ ಬರುತ್ತದೆ. ಪ್ಲೇಗು ಮನೆ ಮನೆ ನುಂಗಿದ ಕಾಲವನ್ನು ಭೈರಪ್ಪ 'ಗೃಹಭಂಗ'ದಲ್ಲಿ ಬರೆದರು. ತಾವೇ ಬಾಲ್ಯದಲ್ಲಿ ಆ ಪ್ಲೇಗಿಗೆ ಮನೆಯವರನ್ನು ಕೊಟ್ಟವರು. ಅವರ ಹೆಸರಿನಲ್ಲಿ ಪರ, ವಿರೋಧ ಜಗಳವಾಡುವುದರಲ್ಲಿ ನಾವು ಬ್ಯುಸಿ.

ಅನಂತಮೂರ್ತಿಯವರ 'ಸಂಸ್ಕಾರ' ಬಂದದ್ದು 1965ರಲ್ಲಿ. ಅಗ್ರಹಾರದಲ್ಲಿ ನಾರಣಪ್ಪ ಸತ್ತು ಬಿದ್ದಿದ್ದಾನೆ. ಹೆಣ ಯಾರು ಸುಡಬೇಕು, ಸುಡಬಹುದೇ, ಶಾಸ್ತ್ರ ಏನು ಹೇಳುತ್ತದೆ ಎಂದು ಓಲೆಗರಿ ಬಿಡಿಸುತ್ತಾರೆ. ಅವನು ಸತ್ತನಲ್ಲ ಎಂದು ಮರುಗುವವರಿಲ್ಲ. ಚಂದ್ರಿಯ ಚಿನ್ನ ಕಂಡ ಮೇಲೆ ಶಾಸ್ತ್ರ ಇನ್ನಷ್ಟು ಜಟಿಲವಾಗುತ್ತದೆ. ಕೊನೆಗೆ ಆಕೆ ಒಬ್ಬ ಮುಸ್ಲಿಂ ಮೀನು ವ್ಯಾಪಾರಿಯ ಸಹಾಯದಿಂದ ರಾತ್ರೋರಾತ್ರಿ ಹೆಣ ಸುಡಿಸಿಬಿಡುತ್ತಾಳೆ. ಶಾಸ್ತ್ರ ಹುಡುಕಿದವರು ಹುಡುಕುತ್ತಲೇ ಇದ್ದರು. ನಾವು ಆ ಅಗ್ರಹಾರದಲ್ಲೇ ಇದ್ದೇವೆ. ಓಲೆಗರಿ ಹೋಗಿ ಮೊಬೈಲು ಬಂದಿದೆ, ಅಷ್ಟೆ.

ಇದನ್ನೆಲ್ಲ ಹುಡುಕಿಕೊಂಡು ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗೋಣವೇ? ಆಸ್ತಿ ತೆರಿಗೆಯ ಜೊತೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ವಸೂಲಿ ಮಾಡಿದ ಸ್ಥಳೀಯ ಸಂಸ್ಥೆಗಳು ಅದನ್ನು ಇಲಾಖೆಗೆ ದಾಟಿಸದೆ ಬಾಕಿ ಇಟ್ಟುಕೊಳ್ಳುವುದು ಹಳೆಯ ಸುದ್ದಿ. ಕಪಾಟಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು. ಸತ್ತವರ ಮನೆಯವರಿಗೆ ಯಾವ ಪರೀಕ್ಷೆಯೂ ಇಲ್ಲವಲ್ಲ, ಹಾಗಾಗಿ ಪುಸ್ತಕವೂ ಇಲ್ಲ.

*

ನಿಜಕ್ಕೂ ಸತ್ತವರ ಮನೆಯವರು ಓದುವುದು ಏನು ಗೊತ್ತೇ? ಅರ್ಜಿ.

ಐದು ಹಂತಗಳು ಬಂದ 1969ರಲ್ಲೇ ಇನ್ನೊಂದು ಘನ ಕೃತಿ ಹೊರಬಂತು. ಜನನ ಮತ್ತು ಮರಣ ನೋಂದಣಿ ಕಾಯ್ದೆ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ತಡವಾದರೆ ಶುಲ್ಕ. ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶ. ಅಮೆರಿಕದಲ್ಲಿ ಹಂತ ಐದೇ. ಇಲ್ಲಿ ಎಣಿಸಿ: ಮರಣ ಪ್ರಮಾಣಪತ್ರ, ವಂಶವೃಕ್ಷ, ಪೌತಿ ಖಾತೆ, ಛಾಪಾ ಕಾಗದದ ಮೇಲೆ ಅಫಿಡವಿಟ್ಟು, ಬ್ಯಾಂಕಿನ ಕ್ಲೇಮ್ ಫಾರಂ, ಪಿಂಚಣಿ, ವಿಮೆ, ಗ್ಯಾಸು, ಕರೆಂಟು. ನಿರಾಕರಣೆ ಮೊದಲ ಕೌಂಟರಿನಲ್ಲೇ. ಕೋಪ ಎರಡನೆಯದರಲ್ಲಿ. ಚೌಕಾಸಿ ಎಲ್ಲಿ ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ಖಿನ್ನತೆ 'ಸರ್ವರ್ ಡೌನ್ ಇದೆ, ನಾಳೆ ಬನ್ನಿ' ಎಂದಾಗ. ಒಪ್ಪಿಗೆಗೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು.

ಪ್ರಮಾಣಪತ್ರದಲ್ಲಿ ಸತ್ತವನ ಹೆಸರಿನ ಒಂದು ಅಕ್ಷರ ಆಧಾರ್‌ಗೆ ಹೊಂದದಿದ್ದರೆ ಸತ್ತವನು ಬೇರೆ ಯಾರೋ. ನಾಮಿನಿಯ ದಾಖಲೆ ಸರಿಯಿದ್ದರೆ ಹಕ್ಕುಸಾಧನೆಯ ಅರ್ಜಿ ಬಂದ 15 ದಿನದಲ್ಲಿ ಠೇವಣಿ ಹಣ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಅದು ಗಂಡನನ್ನು ಕಳೆದುಕೊಂಡವಳಿಗೆ ಗೊತ್ತಿಲ್ಲ. ಹೇಳಬೇಕಾದವರು ಹೇಳುವುದಿಲ್ಲ. ಆಕೆಯ ಮೊಬೈಲಿನಲ್ಲಿ ನಲವತ್ತು ಜನ ಕಳಿಸಿದ ಅಧ್ಯಾತ್ಮವಿದೆ. ಈ ಒಂದು ಸಾಲು ಕಳಿಸಿದವರು ಒಬ್ಬರೂ ಇಲ್ಲ.

ರಾಮ್ ರೆಡ್ಡಿಯವರ 'ತಿಥಿ' ಚಿತ್ರದಲ್ಲಿ ಸೆಂಚುರಿ ಗೌಡ ಸತ್ತ ಮೇಲೆ ಮೊಮ್ಮಗ ತಮ್ಮಣ್ಣ ಬದುಕಿರುವ ಅಪ್ಪನಿಗೇ ಮರಣ ಪ್ರಮಾಣಪತ್ರ ಮಾಡಿಸಲು ಹೊರಡುತ್ತಾನೆ. ಜಮೀನು ಮಾರಬೇಕಲ್ಲ. ಜನ ನಕ್ಕರು. ನಾಡಕಚೇರಿಯ ಸಾಲಿನಲ್ಲಿ ನಿಂತವರಿಗೆ ಅದು ಹಾಸ್ಯ ಅನಿಸಿರಲಾರದು.

ದುಃಖಿತರಿಗೆ ನೆರವಾಗುವ ಓದು ಬೇಕೆಂದರೆ ಮೊದಲು ಇದನ್ನು ಬರೆಯಿರಿ. ಒಂದೇ ಹಾಳೆ. ನೇರ ಕನ್ನಡ. ಯಾವ ಕಾಗದ, ಯಾವ ಕಚೇರಿ, ಎಷ್ಟು ದಿನ, ಎಷ್ಟು ಶುಲ್ಕ, ಎಷ್ಟು ಪ್ರತಿ. ಅದನ್ನು ಆಸ್ಪತ್ರೆಯ ಶವಾಗಾರದ ಬಾಗಿಲಲ್ಲಿ ಇಡಿ, ಚಿತಾಗಾರದಲ್ಲಿ ಇಡಿ. ಅಲ್ಲೀಗ ಇರುವುದು ಶಾಸಕರ ಫ್ಲೆಕ್ಸು. 'ಭಾವಪೂರ್ಣ ಶ್ರದ್ಧಾಂಜಲಿ.' ಸತ್ತವರ ಚಿತ್ರ ಅಂಚೆಚೀಟಿಯಷ್ಟು. ಕೋರುವವರದು ಬಾಗಿಲಗಲ.

*

ಓದಿದರೆ ಉಪಯೋಗವೇ ಇಲ್ಲ ಎಂದು ಹೇಳುತ್ತಿಲ್ಲ. ಇದೆ. ಯಾವುದನ್ನು ಎಂಬುದೇ ಪ್ರಶ್ನೆ.

ಜೋನ್ ಡಿಡಿಯನ್ ಎಂಬ ಅಮೆರಿಕದ ಲೇಖಕಿಯ ಗಂಡ 2003ರ ಡಿಸೆಂಬರ್ 30ರ ರಾತ್ರಿ ಊಟದ ಹೊತ್ತಿನಲ್ಲಿ ಕುಸಿದು ಸತ್ತರು. ಬಟ್ಟೆಗಳನ್ನು ಕೊಡಲು ತೆಗೆದ ಆಕೆಗೆ ಅವರ ಬೂಟು ಮಾತ್ರ ಕೊಡಲಾಗಲಿಲ್ಲ. ತಿರುಗಿ ಬಂದರೆ ಬೇಕಾಗುತ್ತದಲ್ಲ ಎನಿಸಿತು. ಬುದ್ಧಿ ನೆಟ್ಟಗಿದ್ದೇ ಹಾಗೆ ಅನಿಸಿತು ಎಂದು ನಾಚಿಕೆಯಿಲ್ಲದೆ ಬರೆದರು. ಸೋನಾಲಿ ದೆರಣಿಯಗಲ ಅರ್ಥಶಾಸ್ತ್ರಜ್ಞೆ. 2004ರ ಸುನಾಮಿ ಶ್ರೀಲಂಕಾದ ಯಾಲದಲ್ಲಿ ಅವರ ಗಂಡ, ಇಬ್ಬರು ಗಂಡುಮಕ್ಕಳು, ಅಪ್ಪ, ಅಮ್ಮನನ್ನು ಒಟ್ಟಿಗೇ ಒಯ್ಯಿತು. 2013ರಲ್ಲಿ ಅವರ ಪುಸ್ತಕ ಬಂತು. ಸಿಟ್ಟಿದೆ, ಕುಡಿತವಿದೆ, ಸಾಯುವ ಬಯಕೆಯಿದೆ. ಸೂತ್ರ ಒಂದೂ ಇಲ್ಲ.

ಓದುವವರು ಬೇಡುವುದು ಇಷ್ಟೇ: ನನಗೆ ಹುಚ್ಚು ಹಿಡಿದಿಲ್ಲ ಎಂದು ಯಾರಾದರೂ ಹೇಳಲಿ. ಇವರು ಹೇಳುತ್ತಾರೆ. ರನ್ನ ಹೇಳುತ್ತಾನೆ. ವ್ಯಾಸರೂ ಹೇಳಿದ್ದಾರೆ, ನೀವು ಕಳಿಸದ ಪುಟಗಳಲ್ಲಿ. ಅದೂ ಓದುವ ಶಕ್ತಿ ಬಂದ ಮೇಲೆ. ಮೊದಮೊದಲು ಕರೆಂಟ್ ಬಿಲ್ಲಿನ ಅಕ್ಷರವೂ ಕಣ್ಣಿಗೆ ಹತ್ತುವುದಿಲ್ಲ.

ಪುಸ್ತಕದಿಂದ ಆಗದ ಸ್ಥಿತಿಯೂ ಇದೆ. ನಿದ್ದೆ ಬಿಟ್ಟು, ಊಟ ಬಿಟ್ಟು, ಸತ್ತವರ ಹಿಂದೆಯೇ ಹೋಗಬೇಕೆನಿಸಿದರೆ ಅದಕ್ಕೆ ವೈದ್ಯರಿದ್ದಾರೆ. 2022ರ ಅಕ್ಟೋಬರ್ 10ರಿಂದ ಟೆಲಿ ಮನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. 14416. ಕಾಸಿಲ್ಲ. ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಆರೋಗ್ಯದ ಬಗ್ಗೆ ಕನ್ನಡದಲ್ಲೇ ರಾಶಿ ಪುಸ್ತಕ ಬರೆದಿದ್ದಾರೆ. ಪಿಡಿಎಫ್ ವೀರರು ಇವನ್ನು ಹೇಳುವುದಿಲ್ಲ. 'ನಿಮ್ಹಾನ್ಸಾ? ಜನ ಏನಂತಾರೆ? ನಾಳೆ ತಂಗಿ ಮದುವೆ ಆಗಬೇಕಲ್ಲ.' ಆತ್ಮ ಅಮರ ಎಂದು ನಂಬಿದವರಿಗೆ ಮರ್ಯಾದೆ ಮಾತ್ರ ಬಲು ನಾಜೂಕು.

ಯಾಕೆ ಹೀಗೆ? ಕಾರಣ ಸರಳ. ಅಳುವವರ ಎದುರು ಕೂರುವುದು ಕಷ್ಟ. ಏನು ಹೇಳಬೇಕೋ ತಿಳಿಯುವುದಿಲ್ಲ. ನಮ್ಮ ಸರದಿಯೂ ನೆನಪಾಗುತ್ತದೆ. ಅದಕ್ಕೇ ನಮಗೂ ಅವರಿಗೂ ನಡುವೆ ಒಂದು ಪುಸ್ತಕ ಅಡ್ಡ ಇಡುತ್ತೇವೆ. ಅವರ ಸಂಕಟ ಇಳಿಯಲಿ ಎಂದಲ್ಲ, ನಮ್ಮ ಮುಜುಗರ ಇಳಿಯಲಿ ಎಂದು. ಇಳಿಯುತ್ತದೆ ಕೂಡ. ಎರಡು ನೀಲಿ ಗೆರೆ ಮೂಡಿದರೆ ಸಾಕು, ಕರ್ತವ್ಯ ಮುಗಿಯಿತು.

ಕೊಡಲೇಬೇಕೆಂಬ ಹಟವಿದ್ದರೆ ಪುಸ್ತಕ ಕೊಡಿ. ಒಂದೇ ಷರತ್ತು. ಮೊದಲು ನೀವು ಓದಿ. ಮೊದಲ ಪುಟದಿಂದ ಕೊನೆಯವರೆಗೆ, ನಿಮ್ಮ ಮನೆಯಲ್ಲಿ ಈಗ ಆರೋಗ್ಯವಾಗಿ ಓಡಾಡಿಕೊಂಡಿರುವ ಒಬ್ಬರ ಹೆಸರನ್ನು ಸತ್ತವರ ಜಾಗದಲ್ಲಿಟ್ಟು ಓದಿ. ಹೆಂಡತಿಯದೋ, ಮಗನದೋ, ನಿಮ್ಮ ಇಷ್ಟ.

ಓದಿ ಮುಗಿಸಿ, 'ಹೌದು, ಇಷ್ಟು ಓದಿದರೆ ನನಗೆ ಸಾಕು, ನಾನು ಅಳುವುದಿಲ್ಲ' ಎನಿಸಿತೇ? ಹಾಗಿದ್ದರೆ ಧಾರಾಳವಾಗಿ ಕಳಿಸಿ. ಆಮೇಲೆ ನಿಮ್ಮ ಹೆಂಡತಿಗೂ ಒಂದು ಮಾತು ಹೇಳಿಬಿಡಿ. ಆಕೆ ಯಾರ ಜೊತೆ ಸಂಸಾರ ಮಾಡುತ್ತಿದ್ದಾಳೆಂದು ಆಕೆಗೂ ಗೊತ್ತಾಗಲಿ.